ಮುಟ್ಟು ನಿಂತರೆ ಲಿವರನ್ನೂ ನೋಡಿ

ಮಾನ್ಯ ಸಂಪಾದಕರೇ,

ನನ್ನ ಅಕ್ಕನ ಮಗಳಿಗೆ ಹತ್ತೊಂಬತ್ತನೇ ವಯಸ್ಸಿಗೆ ಮುಟ್ಟು ನಿಂತಿತು. ‘ಪಿಸಿಒಡಿ (ಅಂಡಾಶಯದ ತೊಂದರೆ) ಇರಬೇಕು, ತೂಕ ಇಳಿಸಮ್ಮ’ ಅಂದರು ಡಾಕ್ಟರು. ಅವಳೋ ಕಡ್ಡಿಯಂಥ ಹುಡುಗಿ! ಒಂದೂವರೆ ವರ್ಷ ಸುಮ್ನೆ ಮಾತ್ರೆ ನುಂಗಿದಳು. ಆಮೇಲೆ ಕೈ ನಡುಗತೊಡಗಿತು, ಲೋಟ ಹಿಡಿದರೆ ಕಾಫಿ ತುಳುಕುತ್ತಿತ್ತು. ಕೊನೆಗೆ ಕಣ್ಣಿನ ಡಾಕ್ಟರೊಬ್ಬರು ಕಪ್ಪುಗುಡ್ಡೆಯ ಅಂಚಿನಲ್ಲಿ ಕಂದು ಬಣ್ಣದ ಬಳೆ ಕಂಡುಹಿಡಿದರು. ವಿಲ್ಸನ್ ಕಾಯಿಲೆ.

ಹೆಚ್ಚಾದ ತಾಮ್ರವನ್ನು ಲಿವರ್ ಪಿತ್ತದ ಜೊತೆ ಹೊರಹಾಕಬೇಕು. ಈ ಕಾಯಿಲೆಯಲ್ಲಿ ಅದು ಆಗುವುದಿಲ್ಲ. ತಾಮ್ರ ಲಿವರ್‌ನಲ್ಲಿ, ಮಿದುಳಿನಲ್ಲಿ ಸೇರಿಕೊಳ್ಳುತ್ತದೆ. ಲಿವರ್ ಸೋತರೆ ಹಾರ್ಮೋನಿನ ಲೆಕ್ಕವೂ ತಪ್ಪುತ್ತದೆ. ಮುಟ್ಟಿನ ಏರುಪೇರು, ಪದೇಪದೇ ಗರ್ಭಪಾತ, ಕೆಲವರಲ್ಲಿ ಕಾಯಿಲೆ ಮೊದಲು ಕಾಣಿಸುವುದೇ ಹೀಗೆ. 1912ರಲ್ಲೇ ವಿವರಿಸಿದ ಕಾಯಿಲೆ ಇದು. ಆದರೂ ರಕ್ತದಲ್ಲಿ ಸೆರುಲೋಪ್ಲಾಸ್ಮಿನ್ (ತಾಮ್ರ ಹೊರುವ ಪ್ರೋಟೀನ್, ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕಡಿಮೆ ಇರುತ್ತದೆ), 24 ಗಂಟೆಯ ಮೂತ್ರದಲ್ಲಿ ತಾಮ್ರ ಎಷ್ಟಿದೆ ಅಂತ ನೋಡಲು ಯಾರೂ ಬರೆದುಕೊಡಲಿಲ್ಲ. ಈಸ್ಟ್ರೋಜೆನ್ ಇರುವ ಹಾರ್ಮೋನ್ ಮಾತ್ರೆ ತಗೊಂಡರೆ ಸೆರುಲೋಪ್ಲಾಸ್ಮಿನ್ ಏರಿ, ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಗೊತ್ತಾಗದೆ ಹೋಗಬಹುದು. ಇಂಥವರಿಗೆ ಕಾಪರ್-ಟಿಯೂ ಬೇಡ.

ತಂದೆ-ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಈ ಕಾಯಿಲೆ. ಅಕ್ಕ ಸೋದರಮಾವನನ್ನೇ ಮದುವೆಯಾದವಳು. ನಮ್ಮ ಕಡೆ ಇದೇನು ಹೊಸದಲ್ಲ ಅಲ್ವಾ? ಹುಡುಗಿಯ ತಮ್ಮನಿಗೂ ಪರೀಕ್ಷೆ ಮಾಡಿಸಿದೆವು. ಅವನಿಗೂ ಇದೆ, ತೊಂದರೆ ಇನ್ನೂ ಶುರುವಾಗಿಲ್ಲ. ಸತುವಿನ ಮಾತ್ರೆ ಕೊಟ್ಟಿದ್ದಾರೆ.

ಮೈಯಿಂದ ತಾಮ್ರ ಹೊರಹಾಕುವ ಔಷಧಿ ಪೆನಿಸಿಲಮೈನ್ ಶುರುವಾದ ಹತ್ತು ತಿಂಗಳಿಗೆ ಹುಡುಗಿಗೆ ಮತ್ತೆ ಮುಟ್ಟಾಯಿತು. ಅವತ್ತು ಅಕ್ಕ ಹೋಳಿಗೆ ಮಾಡಿದಳು. ಮುಂದೆ ಬಸುರಿಯಾದರೂ ಔಷಧಿ ನಿಲ್ಲಿಸುವ ಹಾಗಿಲ್ಲ ಅಂದಿದ್ದಾರೆ ಡಾಕ್ಟರು.

– ಒಬ್ಬ ಚಿಕ್ಕಮ್ಮ, ದಾವಣಗೆರೆ