ಆಟ ಹಾಜರಿ ಕೇಳಬಾರದು

ಸಂಪಾದಕರಿಗೆ ನಮಸ್ಕಾರ.

ಎರಡು ವಾರದಿಂದ ನಿಮ್ಮ ಓದುಗರ ಪತ್ರಗಳಲ್ಲಿ ಮೊಬೈಲ್ ಗೇಮ್ ಬಗ್ಗೆ ಮಾತು ನಡೆಯುತ್ತಿದೆ. ಹರಿಹರದ ತಾಯಿಯೊಬ್ಬರು 'ನನ್ನ ಮಗ ಒಂದೇ ಗೇಮಿಗೆ ಅಂಟಿಕೊಂಡಿದ್ದಾನೆ, ಇದು ಚಟ ಅಲ್ವಾ' ಎಂದು ಬರೆದಿದ್ದರು. ಅದಕ್ಕೆ ಜಗಳೂರಿನವರೊಬ್ಬರು 'ಒಂದೇ ಆದರೆ ವಾಸಿ, ನನ್ನ ಮಗ ಏಳು ಗೇಮ್ ಇಟ್ಟುಕೊಂಡಿದ್ದಾನೆ, ಒಂದರಲ್ಲೂ ನಿಲ್ಲುವುದಿಲ್ಲ' ಎಂದು ಉತ್ತರ ಕೊಟ್ಟಿದ್ದರು. ಎರಡನ್ನೂ ಓದಿದ ಮೇಲೆ ಸುಮ್ನಿರಲು ಆಗಲಿಲ್ಲ.

ನಾನು ದಾವಣಗೆರೆಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ಹತ್ತೊಂಬತ್ತು ವರ್ಷದಿಂದ ಮಕ್ಕಳಿಗೆ ಖೋಖೋ, ಕಬಡ್ಡಿ ಆಡಿಸುತ್ತಿದ್ದೇನೆ. 2018ರಿಂದ ನಾನೂ ಪಬ್‌ಜಿ ಆಡುತ್ತೇನೆ. ನಮ್ಮ ದೇಶದಲ್ಲಿ ಈಗ ಅದರ ಹೆಸರು ಬಿಜಿಎಂಐ. ಮೇಷ್ಟ್ರಾಗಿ ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮಕ್ಕಳಿಗೂ ಗೊತ್ತು, ಹೆಡ್‌ಮಾಸ್ಟರಿಗೂ ಗೊತ್ತು.

ಮೊದಲು ಒಂದು ಬೆಳಗಿನ ವಿಷಯ ಹೇಳುತ್ತೇನೆ. ತಾಲ್ಲೂಕು ಕ್ರೀಡಾಕೂಟಕ್ಕೆ ತಯಾರಿ ನಡೆದಿತ್ತು. ಆರೂವರೆಗೆಲ್ಲ ಮೈದಾನದಲ್ಲಿರಬೇಕು ಎಂದು ಹುಡುಗರಿಗೆ ಹೇಳಿದ್ದೆ. ನಾನು ಸುಣ್ಣದಲ್ಲಿ ಗೆರೆ ಹಾಕುತ್ತಿದ್ದಾಗ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಕಂಬಕ್ಕೆ ಒರಗಿ ಕೂತು ಮೊಬೈಲ್ ಹಿಡಿದಿದ್ದ. ನಮ್ಮ ತಂಡದಲ್ಲಿ ಅವನಷ್ಟು ಚುರುಕಾಗಿ ಕಂಬ ತಿರುಗುವವನು ಇನ್ನೊಬ್ಬನಿಲ್ಲ. ಬೈಯೋಣ ಎಂದು ಹಿಂದಿನಿಂದ ಹೋದವನು ಬೈಯದೆ ನಿಂತು ನೋಡಿದೆ. ಒಂದು ಗೇಮ್ ತೆರೆದ. ಲೋಡ್ ಆಗುವ ತನಕ ಹೆಬ್ಬೆರಳು ಪರದೆ ಮೇಲೇ ಕಾಯುತ್ತಿತ್ತು. ಒಂದು ಉಡುಗೊರೆ ಪೆಟ್ಟಿಗೆ ಬಂತು, ಕೆಳಗೆ 23ನೇ ದಿನ ಎಂದಿತ್ತು. ಒತ್ತಿದ. ಪೆಟ್ಟಿಗೆ ಮಿಂಚಿ ತೆರೆಯಿತು. ಒಳಗೆ ಏನಿದೆ ಎಂದು ಅವನು ನೋಡಲೂ ಇಲ್ಲ, ಗೇಮ್ ಮುಚ್ಚಿದ. ಎರಡನೆಯದು ತೆರೆದ. ಅಲ್ಲಿ 11ನೇ ದಿನ. ಮತ್ತೆ ಒತ್ತಿದ, ಮುಚ್ಚಿದ. ಹೀಗೆ ಐದು ಗೇಮ್.

"ಆಡಲ್ವೇನೋ?" ಎಂದು ಕೇಳಿದೆ. ಬೆಚ್ಚಿ ಎದ್ದು ನಿಂತ. "ಇಲ್ಲ ಸಾರ್, ಆಡೋಕೆ ಟೈಮಿಲ್ಲ. ಕ್ಲೇಮ್ ಮಾಡ್ದಿದ್ರೆ ಸ್ಟ್ರೀಕ್ ಹೋಗುತ್ತೆ ಸಾರ್" ಎಂದ. ಆ ದಿನದ ಉಡುಗೊರೆ ಒತ್ತಿ ತೆಗೆದುಕೊಳ್ಳುವುದು ಕ್ಲೇಮ್, ಒಂದು ದಿನವೂ ತಪ್ಪದೆ ಬಂದ ದಿನಗಳ ಲೆಕ್ಕ ಸ್ಟ್ರೀಕ್.

ಐದು ಗೇಮ್ ತೆರೆದ ಹುಡುಗ ಒಂದನ್ನೂ ಆಡಲಿಲ್ಲ. ಐದು ಕಡೆ ಹಾಜರಿ ಹಾಕಿ ಬಂದ, ಅಷ್ಟೇ. ನಾನು ದಿನಾ ಹಾಜರಿ ಕೂಗುವವನು, ಹಾಗಾಗಿ ಆ ಮುಖ ನನಗೆ ಚೆನ್ನಾಗಿ ಪರಿಚಯ. 'ಪ್ರೆಸೆಂಟ್ ಸಾರ್' ಎಂದು ಹೇಳಿ ಕಿಟಕಿಯಾಚೆ ನೋಡುವ ಮಕ್ಕಳ ಮುಖ ಅದು. ಅವತ್ತಿನಿಂದ ಒಂದೇ ಗೇಮಾ, ಹತ್ತು ಗೇಮಾ ಎನ್ನುವ ಪ್ರಶ್ನೆ ನನಗೆ ಬೇರೆ ಥರ ಕಾಣುತ್ತಿದೆ.

ಮೈದಾನದಲ್ಲಿ ಎಂಟನೇ ಕ್ಲಾಸಿನ ತನಕ ಯಾವ ಮಗುವಿಗೂ ನಾನು 'ನೀನು ಇದನ್ನೇ ಆಡು' ಎನ್ನುವುದಿಲ್ಲ. ಎಲ್ಲಾ ಆಡಲಿ. ಕಬಡ್ಡಿಯಲ್ಲಿ ತಪ್ಪಿಸಿಕೊಳ್ಳುವುದು ಕಲಿತ ಹುಡುಗಿ ಖೋಖೋದಲ್ಲಿ ಬೇಗ ಸಿಗುವುದಿಲ್ಲ. ಉದ್ದಜಿಗಿತ ಮಾಡಿದವನ ಕಾಲಿಗೆ ಬೇರೆಯೇ ಕಸುವು ಬಂದಿರುತ್ತದೆ. ಒಂಬತ್ತಕ್ಕೆ ಬಂದ ಮೇಲೆ ಮೈಕಟ್ಟು, ಮನಸ್ಸು ಎರಡೂ ನೋಡಿ ಒಂದನ್ನು ಗಟ್ಟಿ ಮಾಡಿಸುತ್ತೇನೆ. ಒಂದರಲ್ಲಿ ನಿಂತು ಬೆಳೆಯುವುದು ಏನು ಎಂದು ನಮ್ಮೂರಿನವರಿಗೆ ಬೇರೆ ಹೇಳಬೇಕಿಲ್ಲ. ದಾವಣಗೆರೆ ಎಕ್ಸ್‌ಪ್ರೆಸ್ ಎಂದು ಹೆಸರಾದ ನಮ್ಮ ವಿನಯ್ ಕುಮಾರ್ ಬೌಲಿಂಗ್‌ನಲ್ಲಿ ಎದೆ ನಡುಗಿಸುವ ವೇಗ ಇರಲಿಲ್ಲ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಚೆಂಡು ಹಾಕುವ ತಾಳ್ಮೆ ಇತ್ತು. 2013-14 ಮತ್ತು 2014-15, ಸಾಲಾಗಿ ಎರಡು ವರ್ಷ ಅವರ ನಾಯಕತ್ವದಲ್ಲಿ ಕರ್ನಾಟಕ ರಣಜಿ ಗೆದ್ದಿತು. ಹಾಗೆಂದು ಒಂದು ತಿಂಗಳು ಖೋಖೋ ಬಿಟ್ಟು ಕಬಡ್ಡಿ ಆಡಿ ಬಂದ ಹುಡುಗನನ್ನು ನಾನು ಹೊರಗೆ ನಿಲ್ಲಿಸುವುದಿಲ್ಲ. ಮೈದಾನ ಯಾರನ್ನೂ 'ನಿನ್ನೆ ಯಾಕೆ ಬರಲಿಲ್ಲ' ಎಂದು ಕೇಳುವುದಿಲ್ಲ.

ಇನ್ನು ನನ್ನ ಕಥೆ. ಪಬ್‌ಜಿ ಆಡದವರಿಗೆ ಎರಡು ಮಾತಲ್ಲಿ ಹೇಳುತ್ತೇನೆ. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕುತ್ತಾರೆ. ಸುತ್ತಲಿನ ವೃತ್ತ ಕುಗ್ಗುತ್ತಾ ಬರುತ್ತದೆ, ಕೊನೆಗೆ ಉಳಿದ ತಂಡ ಗೆದ್ದಂತೆ. ನಾಲ್ಕು ಜನ ಸೇರಿ ಒಂದು ಸ್ಕ್ವಾಡ್. ನಮ್ಮ ಸ್ಕ್ವಾಡಿನಲ್ಲಿ ನಾನು, ರಾಣೆಬೆನ್ನೂರಿನಲ್ಲಿರುವ ಅಕ್ಕನ ಮಗ, ಬಿ.ಪಿ.ಇಡಿ ಓದುವಾಗಿನ ಒಬ್ಬ ಗೆಳೆಯ, ಮತ್ತೆ ಚಿತ್ರದುರ್ಗದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿರುವ ಇನ್ನೊಬ್ಬ ಗೆಳೆಯ. ಊಟ ಮುಗಿಸಿ ಒಂಬತ್ತೂವರೆಗೆ ಕೂತರೆ ಎರಡು ಮ್ಯಾಚ್. ಹನ್ನೊಂದರೊಳಗೆ ಮಲಗುತ್ತೇವೆ.

ಎರಂಗೆಲ್ ಎನ್ನುವ ಮ್ಯಾಪ್ ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲ. ಎರಡು ವರ್ಷದಲ್ಲಿ ಅದು ನನಗೆ ನಮ್ಮೂರಿನ ಚೌಕಿಪೇಟೆಯ ಸಂದುಗೊಂದಿಗಳಷ್ಟೇ ಪರಿಚಯವಾಯಿತು. ಹೆಡ್‌ಫೋನಿನಲ್ಲಿ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಹಲಗೆ ಮೇಲೆ ನಡೆಯುತ್ತಿದ್ದಾನೋ ಹುಲ್ಲಿನ ಮೇಲೋ ಹೇಳುತ್ತಿದ್ದೆ. ಗೆಳೆಯರ ದನಿಯೂ ಅಷ್ಟೇ ಪಳಗಿತ್ತು. ಒಬ್ಬನಿಗೆ ನೆಗಡಿ ಆಗಿದೆ, ಒಬ್ಬನ ಮನೆಯಲ್ಲಿ ಮಾತು ಬಿಟ್ಟಿದ್ದಾರೆ, ಎಲ್ಲಾ 'ಹಲೋ' ಎನ್ನುವುದರಲ್ಲೇ ಗೊತ್ತಾಗುತ್ತಿತ್ತು.

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಅದರಲ್ಲಿ ಪಬ್‌ಜಿ ಮೊಬೈಲ್ ಕೂಡ ಇತ್ತು. ಅಕ್ಟೋಬರ್ 30ಕ್ಕೆ ಸರ್ವರ್ ಕೂಡ ನಿಂತಿತು. ನಾವು ನಾಲ್ಕು ಜನ ನಾಲ್ಕು ದಿಕ್ಕಾದೆವು. ಅಕ್ಕನ ಮಗ ಫ್ರೀ ಫೈರ್‌ಗೆ ಹೋದ. ನಾನು ಕಾಲ್ ಆಫ್ ಡ್ಯೂಟಿ ಮೊಬೈಲ್ ಹಾಕಿಕೊಂಡೆ. ಬಿ.ಪಿ.ಇಡಿ ಗೆಳೆಯ ಚೆಸ್ ಹಿಡಿದ. ಚಿತ್ರದುರ್ಗದವನು ಏನೂ ಆಡಲಿಲ್ಲ. ವಾಟ್ಸಾಪ್ ಗ್ರೂಪ್ ಇತ್ತು, ಆದರೆ ಅದರಲ್ಲಿ ಹಬ್ಬದ ಶುಭಾಶಯ ಬಿಟ್ಟರೆ ಬೇರೆ ಮಾತಿರಲಿಲ್ಲ.

2021ರ ಮೇ ತಿಂಗಳು, ಕೊರೊನಾ ಎರಡನೇ ಅಲೆ. ಚಿತ್ರದುರ್ಗದ ಗೆಳೆಯನಿಗೂ ಅವನ ತಾಯಿಗೂ ಕೊರೊನಾ ಬಂದಿತ್ತು. ತಾಯಿ ಆಸ್ಪತ್ರೆಯಲ್ಲಿ, ಇವನು ಮನೆಯಲ್ಲಿ ಒಬ್ಬನೇ. ನಮಗೆ ವಿಷಯ ಗೊತ್ತಾಗಿದ್ದು ಒಂಬತ್ತು ದಿನ ಆದ ಮೇಲೆ. ಎರಡು ವರ್ಷ ದಿನಾ ರಾತ್ರಿ ಮಾತಾಡಿದವರು ನಾವು. ಇಬ್ಬರೂ ಹುಷಾರಾದರು, ದೇವರು ದೊಡ್ಡವನು. ಆಮೇಲೆ ಅವನು ಒಂದು ಮಾತು ಹೇಳಿದ: "ಒಂಬತ್ತೂವರೆ ಆದ್ರೆ ಫೋನ್ ನೋಡ್ತಿದ್ದೆ ಕಣೋ. ಯಾರಾದ್ರೂ ಮಾಡ್ತೀರೇನೋ ಅಂತ."

ಹರಿಹರದ ಆ ತಾಯಿಗೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಅಮ್ಮಾ, ನಿಮ್ಮ ಮಗ ಒಂದೇ ಗೇಮಿಗೆ ಅಂಟಿಕೊಂಡಿದ್ದರೆ ಅದರೊಳಗೆ ಯಾರ್ಯಾರಿದ್ದಾರೆ ಎಂದು ಒಮ್ಮೆ ಕೇಳಿ ನೋಡಿ. ಅಲ್ಲಿ ಅವನ ಸಂಗಡಿಗರಿರಬಹುದು. ನಾವು ಸಣ್ಣವರಿದ್ದಾಗ ದಿನಾ ಸಂಜೆ ಅದೇ ಕಟ್ಟೆಗೆ ಹೋಗಿ ಕೂರುತ್ತಿದ್ದದ್ದು ಕಟ್ಟೆಯ ಕಲ್ಲು ಚೆನ್ನಾಗಿತ್ತು ಎಂದೇನಲ್ಲ ಅಲ್ವಾ?

ಆದರೆ ಆ ಎಂಟು ತಿಂಗಳು ಬೇರೆ ಆಟ ಆಡಿದ್ದು ದಂಡವಾಗಲಿಲ್ಲ. ಇದನ್ನೂ ಹೇಳಲೇಬೇಕು. ಕಾಲ್ ಆಫ್ ಡ್ಯೂಟಿಯಲ್ಲಿ ಐದೈದು ಜನರ ಸಣ್ಣ ಅಖಾಡವಿದೆ, ಸತ್ತರೆ ತಕ್ಷಣ ಮತ್ತೆ ಎದ್ದು ಬರಬಹುದು. ಹತ್ತಿರದ ಹೊಡೆದಾಟಕ್ಕೆ ಹೆದರುತ್ತಿದ್ದ ನನ್ನ ಕೈಗೆ ಅಲ್ಲಿ ಧೈರ್ಯ ಬಂತು. ಅಕ್ಕನ ಮಗ ಆಡುತ್ತಿದ್ದ ಫ್ರೀ ಫೈರ್‌ನಲ್ಲಿ ಐವತ್ತೇ ಜನ, ಹತ್ತು ನಿಮಿಷದ ಮ್ಯಾಚ್. ಅವನು ತಟ್ಟನೆ ತೀರ್ಮಾನ ತೆಗೆದುಕೊಳ್ಳುವುದನ್ನು ಕಲಿತ. ಚೆಸ್ ಆಡಿದವನು ಕಾಯುವುದನ್ನು ಕಲಿತ. 2021ರ ಜುಲೈ 2ಕ್ಕೆ ಬಿಜಿಎಂಐ ಬಂದಾಗ ಮೊದಲಿನ ಆಟಗಾರರು ಹಳೆಯ ಖಾತೆಯನ್ನು ತಂದುಕೊಳ್ಳಲು ಅವಕಾಶ ಕೊಟ್ಟಿದ್ದರು. ನಾಲ್ಕೂ ಜನ ವಾಪಸ್ ಬಂದೆವು, ಮೊದಲಿಗಿಂತ ಚೆನ್ನಾಗಿ ಆಡಿದೆವು. ಕಬಡ್ಡಿ ಆಡಿ ಖೋಖೋಗೆ ಬಂದ ಮಕ್ಕಳ ಹಾಗೆಯೇ.

2022ರ ಫೆಬ್ರುವರಿಯಲ್ಲಿ ಫ್ರೀ ಫೈರ್ ನಿಷೇಧವಾಯಿತು. ಅದೇ ವರ್ಷ ಜುಲೈ 28ಕ್ಕೆ ಬಿಜಿಎಂಐ ಕೂಡ ಪ್ಲೇ ಸ್ಟೋರಿನಿಂದ ಹೋಯಿತು, ತಿರುಗಿ ಬಂದಿದ್ದು 2023ರ ಮೇ ತಿಂಗಳಲ್ಲಿ. ಈ ಸಲ ನಾವು ಮೊದಲೇ ಒಂದು ಮಾತು ಮಾಡಿಕೊಂಡಿದ್ದೆವು. ಗೇಮ್ ಇರಲಿ, ಹೋಗಲಿ, ಒಂಬತ್ತೂವರೆಯ ಕಾಲ್ ಇರಲೇಬೇಕು. ಕೆಲವು ದಿನ ಕೇರಂ ಆ್ಯಪ್ ಆಡಿದೆವು, ಕೆಲವು ದಿನ ಬರೀ ಮಾತು.

ಜಗಳೂರಿನವರಿಗೆ ಒಂದು ಮಾತು. ಏಳು ಗೇಮ್ ಎಂದು ಹೆದರಬೇಡಿ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಏಳನ್ನೂ ಆಡಿ ನೋಡಬೇಕು ಅನಿಸುವುದು ಸಹಜ. ಆದರೆ ಆಡುತ್ತಿದ್ದಾನಾ, ಹಾಜರಿ ಹಾಕುತ್ತಿದ್ದಾನಾ ನೋಡಿ. ನಮ್ಮ ಅಕ್ಕನ ಮಗ ಒಂದು ಯುಗಾದಿಗೆ ನಮ್ಮನೆಗೆ ಬಂದಿದ್ದ. ಎಲೆ ಹಾಕಿದ್ದೇವೆ, ಹೋಳಿಗೆ ಬಡಿಸಿದೆ, ಇವನು ಮೊಬೈಲ್ ಬಿಡುತ್ತಿಲ್ಲ. "ಮಾವ, ಮೂರು ಗೇಮಲ್ಲಿ ಪಾಸ್ ತಗೊಂಡ್ಬಿಟ್ಟಿದೀನಿ, ಇವತ್ತಿನ ಮಿಷನ್ ಮುಗಿಸ್ಲೇಬೇಕು" ಎಂದ. ದುಡ್ಡು ಕೊಟ್ಟು ಬಹುಮಾನದ ಪಾಸ್ ತೆಗೆದುಕೊಂಡಾಗಿದೆ, ಗಡುವು ಬರುತ್ತಿದೆ, ಮೂರು ಕಡೆ ಕೂಲಿ ಮುಗಿಸಬೇಕು. ಆಡುವವನ ಖುಷಿ ಅವನ ಮುಖದಲ್ಲಿ ನನಗೆ ಕಾಣಲಿಲ್ಲ.

ಒಂದೇ ಗೇಮ್ ಆಡುವವರಿಗೂ ಇದು ತಪ್ಪಿದ್ದಲ್ಲ. ನಮ್ಮ ಶಾಲೆಯ ಇನ್ನೊಬ್ಬ ಶಿಕ್ಷಕರು ಮೂರು ವರ್ಷದಿಂದ ಒಂದೇ ಗೇಮ್, ಅದರ ಹೆಸರು ಬೇಡ. ಸಿಬ್ಬಂದಿಯೆಲ್ಲ ಸೇರಿ ಸೂಳೆಕೆರೆಗೆ ಹೋಗಿದ್ದೆವು. ಏರಿ ಮೇಲೆ ನಿಂತರೆ ಎದುರಿಗೆ ಕಣ್ಣು ಹಾಯುವಷ್ಟು ದೂರ ನೀರು. ಅವರು ಮೊಬೈಲ್ ಮೇಲೆತ್ತಿ ಹಿಡಿದು ನೆಟ್‌ವರ್ಕ್ ಹುಡುಕುತ್ತಾ ಆ ಕಡೆ ಈ ಕಡೆ ಓಡಾಡುತ್ತಿದ್ದರು. ಅವತ್ತು ಲಾಗಿನ್ ಆಗದಿದ್ದರೆ ನಾನೂರು ದಿನದ ಲೆಕ್ಕ ಮತ್ತೆ ಒಂದರಿಂದ ಶುರುವಾಗುತ್ತಿತ್ತಂತೆ. ಪಾಪ ಅನಿಸಿತು. ತಿಳಿದವರು, ಒಳ್ಳೆಯ ಮೇಷ್ಟ್ರು ಅವರು.

ಹಾಗಾಗಿ ಮನೆಯಲ್ಲಿ ನಾನು ಪಾಲಿಸುವುದು ಒಂದೇ ಪರೀಕ್ಷೆ. ಊರಿಗೆ ಹೋದಾಗ ನಾಲ್ಕು ದಿನ ಗೇಮ್ ತೆರೆಯುವುದಿಲ್ಲ. ಬಂದ ಮೇಲೆ ಯಾವ ಆಟ ಹೋದಾಗ ಇದ್ದ ಹಾಗೇ ಒಳಗೆ ಕರೆದುಕೊಳ್ಳುತ್ತದೋ ಅದು ಇರುತ್ತದೆ. ಯಾವುದು ನಾಲ್ಕು ದಿನಕ್ಕೆ ದಂಡ ಹಾಕುತ್ತದೋ ಅದನ್ನು ಅಳಿಸುತ್ತೇನೆ. ಇದೇ ಲೆಕ್ಕದಲ್ಲಿ ನನ್ನ ಮಗಳ ಮೊಬೈಲಿನಲ್ಲಿ ಈಗ ನಾಲ್ಕು ಗೇಮ್ ಇವೆ, ನನ್ನದರಲ್ಲಿ ಎರಡು.

ಇನ್ನು ಪತ್ರಿಕೆಯವರಲ್ಲಿ ನನ್ನ ಬೇಡಿಕೆ. ರಮ್ಮಿಯಲ್ಲಿ ದುಡ್ಡು ಕಳೆದುಕೊಂಡವರ ಸುದ್ದಿಗೂ 'ಆನ್‌ಲೈನ್ ಗೇಮ್' ಎಂದೇ ತಲೆಬರಹ ಹಾಕುತ್ತೀರಿ, ಪಕ್ಕದಲ್ಲಿ ಮೊಬೈಲ್ ಹಿಡಿದ ಮಗುವಿನ ಚಿತ್ರ ಇರುತ್ತದೆ. ದಯವಿಟ್ಟು ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯೇ ಇವನ್ನು ಬೇರೆ ಮಾಡಿದೆ. ದುಡ್ಡು ಕಟ್ಟಿ ಆಡುವ ಆಟಗಳಿಗೆ ನಿಷೇಧ, ಸ್ಪರ್ಧೆಯಾಗಿ ಆಡುವ ಇ-ಸ್ಪೋರ್ಟ್ಸ್‌ಗೆ ಮಾನ್ಯತೆ, ಉಳಿದ ಸಾಮಾಜಿಕ ಆಟಗಳದ್ದು ಇನ್ನೊಂದು ಗುಂಪು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್‌ಗೆ ಪದಕವನ್ನೇ ಕೊಟ್ಟರು.

ಅದೇ ಕಾಯ್ದೆಯಲ್ಲಿ ಇವನ್ನೆಲ್ಲ ನೋಡಿಕೊಳ್ಳಲು ಒಂದು ಪ್ರಾಧಿಕಾರ ರಚಿಸಲು ಅವಕಾಶವಿದೆ. ಹದಿನೆಂಟು ತುಂಬದವರಿಗೆ ದಿನದ ಹಾಜರಿಯ ಉಡುಗೊರೆ, ಸ್ಟ್ರೀಕ್, ಗಡುವಿನ ಮಿಷನ್ ತೋರಿಸಬಾರದು ಎಂದು ಒಂದು ನಿಯಮ ಬರಬೇಕು. ಇದು ಆಗದ ಕೆಲಸವೇನಲ್ಲ. ಅಪ್ರಾಪ್ತರಿಗೆ ದಿನಕ್ಕೆ ಮೂರೇ ಗಂಟೆ ಎಂಬ ಮಿತಿಯನ್ನು ಬಿಜಿಎಂಐ 2021ರಲ್ಲೇ ಹಾಕಿತ್ತು. ವಯಸ್ಸು ನೋಡಿ ಗೇಮ್ ನಿಲ್ಲಿಸಬಹುದಾದರೆ ವಯಸ್ಸು ನೋಡಿ ಹಾಜರಿಯನ್ನೂ ನಿಲ್ಲಿಸಬಹುದು. 2023ರ ಡಿಸೆಂಬರ್‌ನಲ್ಲಿ ಚೀನಾ ದಿನದ ಲಾಗಿನ್ ಉಡುಗೊರೆಗಳನ್ನೇ ನಿಲ್ಲಿಸುವ ಕರಡು ನಿಯಮ ತಂದಿತ್ತು. ಅದು ಹೊರಬಿದ್ದ ದಿನವೇ ದೊಡ್ಡ ಗೇಮ್ ಕಂಪನಿಗಳ ಷೇರುಗಳು ಕುಸಿದವು. ಮುಂದಿನ ತಿಂಗಳು ಆ ಕರಡು ಸರ್ಕಾರದ ವೆಬ್‌ಸೈಟಿನಿಂದಲೇ ಹೋಗಿತ್ತು. ಕಂಪನಿಗಳಿಗೆ ಆ ಉಡುಗೊರೆ ಪೆಟ್ಟಿಗೆ ಎಷ್ಟು ಮುಖ್ಯ ಎಂದು ಇದರಲ್ಲೇ ಗೊತ್ತಾಗುತ್ತದೆ. ನಮ್ಮಲ್ಲಿ ಎಲ್ಲರಿಗೂ ಬೇಡ, ಮಕ್ಕಳ ಮಟ್ಟಿಗಾದರೂ ಆಗಲಿ. ನಮ್ಮ ಸಂಸದರು, ಶಾಸಕರು ಇದನ್ನು ಕೇಳಬೇಕು. ಕೇಳುವಂತೆ ನೀವು ಬರೆಯಬೇಕು.

ಆ ಹುಡುಗ ತಾಲ್ಲೂಕು ಕೂಟದಲ್ಲಿ ಚೆನ್ನಾಗಿಯೇ ಆಡಿದ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಅಷ್ಟರೊಳಗೆ ಈ ನಿಯಮ ಬಂದರೆ ಅವನಿಗೂ ಉಪಯೋಗವಾಗುತ್ತದೆ.

ಇಂತಿ,
ಒಬ್ಬ ದೈಹಿಕ ಶಿಕ್ಷಕ
ನಿಟುವಳ್ಳಿ, ದಾವಣಗೆರೆ