ಮೊದಲು ಮೋಟರ್ ವೈರ್ ಬಿಚ್ಚು

ಚಿ. ಸುಹಾಸನಿಗೆ ಮಾವನ ಆಶೀರ್ವಾದಗಳು.

ರಿಮೋಟ್‌ನಲ್ಲಿ ಹಾರಿಸುವ ಮಾಡೆಲ್ ಹೆಲಿಕಾಪ್ಟರ್ ಜೋಡಿಸಿ ಮುಗಿಸಿದೆಯಂತೆ, ಭಾನುವಾರವೇ ಹಾರಿಸುತ್ತೀಯಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಖುಷಿಯಾಯಿತು. ಆದರೆ ಅದಕ್ಕೆ ಮುಂಚೆ ಒಂದು ಸಂಜೆ ಮನೆಯಲ್ಲೇ ಕೂತು ಕಂಟ್ರೋಲ್ ಎಲ್ಲಾ ನೋಡಿಬಿಡು. ನಿನ್ನದು 450 ಗಾತ್ರದ್ದು, ಆಟದ ಸಾಮಾನಲ್ಲ. ಬ್ಲೇಡ್ ಸುತ್ತುವ ಅಗಲವೇ ಸುಮಾರು 70 ಸೆಂ.ಮೀ. ನಿಮಿಷಕ್ಕೆ 2,800 ಸುತ್ತು ತಿರುಗಿದರೆ ತುದಿಯ ವೇಗ ಗಂಟೆಗೆ 350 ಕಿ.ಮೀ. ದಾಟುತ್ತದೆ. 2013ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ತನ್ನದೇ ಮಾಡೆಲ್ ಹೆಲಿಕಾಪ್ಟರ್ ಬಡಿದು 19 ವರ್ಷದ ಹುಡುಗನೊಬ್ಬ ತೀರಿಕೊಂಡ. ಅವನೇನೂ ಹೊಸಬನಲ್ಲ.

ಅದಕ್ಕೇ ಮೊದಲು ಮೋಟರಿನ ಮೂರೂ ವೈರ್ ಬಿಚ್ಚು. ತುದಿಗಳು ಒಂದಕ್ಕೊಂದು ತಾಗದಂತೆ ಟೇಪ್ ಸುತ್ತು. ಯಾವುದು ಎಲ್ಲಿತ್ತು ಅಂತ ಫೋಟೋ ತೆಗೆದುಕೋ, ಎರಡು ಅದಲುಬದಲಾದರೆ ಮೋಟರ್ ಉಲ್ಟಾ ತಿರುಗುತ್ತದೆ. ಆಮೇಲೆ ರಿಮೋಟ್ ಆನ್ ಮಾಡು, ಥ್ರಾಟಲ್ (ಮೋಟರಿನ ವೇಗದ ಸ್ಟಿಕ್) ಪೂರ್ತಿ ಕೆಳಗಿರಲಿ, ಕೊನೆಗೆ ಬ್ಯಾಟರಿ ಸಿಕ್ಕಿಸು. ಆಫ್ ಮಾಡುವಾಗ ಬ್ಯಾಟರಿ ಮೊದಲು, ರಿಮೋಟ್ ಆಮೇಲೆ.

ಹೆಲಿಕಾಪ್ಟರಿನ ಹಿಂದೆ ನಿಂತು ನೋಡು. ರಿಮೋಟಿನ ಸ್ಟಿಕ್ ಬಲಕ್ಕೆ ತಳ್ಳಿದರೆ ಬ್ಲೇಡಿನ ಕೆಳಗಿರುವ ತಟ್ಟೆ, ಅಂದರೆ ಸ್ವಾಶ್‌ಪ್ಲೇಟ್ ಬಲಕ್ಕೆ ವಾಲಬೇಕು, ಮುಂದೆ ತಳ್ಳಿದರೆ ಮುಂದಕ್ಕೆ. ಪಿಚ್ (ಬ್ಲೇಡಿನ ಓರೆ) ಏರಿಸಿದಾಗ ಅದು ವಾಲದೆ ಸಮನಾಗಿ ಸರಿಯಬೇಕು. ಎಲ್ಲೂ ಲಿಂಕ್ ಕಡ್ಡಿ ಬಿಗಿ ಹಿಡಿಯಬಾರದು, ಅದನ್ನು ಆಡಿಸುವ ಪುಟ್ಟ ಮೋಟರ್, ಅಂದರೆ ಸರ್ವೋ, ಗುಂಯ್ ಅನ್ನಬಾರದು. ಇದು ತಪ್ಪಿದ್ದರೆ ಕಣ್ಣಿಗೇ ಕಾಣುತ್ತದೆ.

ಕಾಣದೇ ಕಾಡುವುದು ಬಾಲದ ಗೈರೋ, ಅಂದರೆ ಬಾಲ ತಾನಾಗಿ ತಿರುಗದಂತೆ ಹಿಡಿಯುವ ಸೆನ್ಸರ್. ಹೆಚ್ಚಿನವರು ಸುಮ್ನೆ ರಡರ್ (ಮೂತಿ ತಿರುಗಿಸುವ ಸ್ಟಿಕ್) ಆಡಿಸಿ, ಬಾಲದ ಬ್ಲೇಡ್ ಅಲುಗಾಡಿತು, ಸರಿಯಿದೆ ಅಂದುಕೊಳ್ಳುತ್ತಾರೆ. ಅಷ್ಟು ಸಾಲದು. ರಡರ್ ಬಲಕ್ಕೆ ಕೊಟ್ಟು ಬಾಲದ ಸರ್ವೋ ಯಾವ ಕಡೆ ಹೋಯಿತು ನೋಡಿಟ್ಟುಕೋ. ಈಗ ಸ್ಟಿಕ್ ಬಿಟ್ಟು, ಹೆಲಿಕಾಪ್ಟರನ್ನು ಕೈಯಲ್ಲಿ ಹಿಡಿದು ಮೂತಿಯನ್ನು ಥಟ್ಟನೆ ಎಡಕ್ಕೆ ತಿರುಗಿಸು. ರಡರ್ ಬಲಕ್ಕೆ ಕೊಟ್ಟಾಗ ಹೋದ ಕಡೆಗೇ ಸರ್ವೋ ಈಗಲೂ ಹೋಗಬೇಕು. ಮೂತಿ ಎಡಕ್ಕೆ ಹೋದರೆ ಗೈರೋ ಅದನ್ನು ಬಲಕ್ಕೆ ಎಳೆಯಬೇಕಲ್ವಾ? ಉಲ್ಟಾ ಹೋದರೆ ಗೈರೋದಲ್ಲೇ ದಿಕ್ಕು ಬದಲಿಸು, ರಿಮೋಟಿನಲ್ಲಿ ಅಲ್ಲ. ರಿಮೋಟಿನಲ್ಲಿ ಬದಲಿಸಿದರೆ ಸ್ಟಿಕ್ಕಿನ ದಿಕ್ಕು ಮಾತ್ರ ಬದಲಾಗುತ್ತದೆ, ಗೈರೋ ತಪ್ಪಾಗಿಯೇ ಉಳಿಯುತ್ತದೆ. ಅದನ್ನು ಹಾಗೇ ಬಿಟ್ಟರೆ ನೆಲ ಬಿಟ್ಟ ಕ್ಷಣದಲ್ಲೇ ಬುಗುರಿಯಂತೆ ಗಿರಗಿರನೆ ಸುತ್ತುತ್ತದೆ. ಆಗ ಸ್ಟಿಕ್ಕಿಗೆ ಜಗ್ಗುವುದಿಲ್ಲ.

ಸಿಗ್ನಲ್ ಹೋದಾಗ ಮೋಟರ್ ನಿಲ್ಲುವಂತೆ ಫೇಲ್‌ಸೇಫ್ ಇಡು. ವೈರ್ ಮತ್ತೆ ಜೋಡಿಸಿದ ಮೇಲೆ ಮನೆಯೊಳಗೆ ಬ್ಯಾಟರಿ ಸಿಕ್ಕಿಸಬೇಡ, ಎಷ್ಟೇ ಆಸೆಯಾದರೂ. ಮೈದಾನದಲ್ಲಿ ಥ್ರಾಟಲ್ ಹೋಲ್ಡ್ (ಮೋಟರ್ ತಿರುಗದಂತೆ ತಡೆಯುವ ಸ್ವಿಚ್) ಹಾಕಿಯೇ ಬ್ಯಾಟರಿ ಸಿಕ್ಕಿಸು, ಹತ್ತು ಹೆಜ್ಜೆ ಹಿಂದೆ ನಿಂತ ಮೇಲೆ ಹೋಲ್ಡ್ ತೆಗಿ. ಪಕ್ಕದ ಮನೆ ಮಕ್ಕಳನ್ನು ಕರೆದುಕೊಂಡು ಹೋಗಬೇಡ. ಮೊದಲ ದಿನಕ್ಕೆ ಪ್ರೇಕ್ಷಕರು ಬೇಕಿಲ್ಲ.

ಗೈರೋ ಪರೀಕ್ಷೆಯ ವಿಡಿಯೋ ಶನಿವಾರ ರಾತ್ರಿಯೊಳಗೆ ಕಳಿಸು. ನಾನೂ ಒಮ್ಮೆ ನೋಡುತ್ತೇನೆ.

ಇತಿ,
ನಿನ್ನ ಮಾವ