ಪಾರ್ಕ್ ಹತ್ತಿರವಿದ್ದರೆ ಸಾಲದು, ಗೇಟೂ ಹತ್ತಿರವಿರಬೇಕು

ಮಾನ್ಯರೇ,

ಭಾನುವಾರ ಬೆಳಿಗ್ಗೆ ಲಾಲ್‌ಬಾಗ್, ಕಬ್ಬನ್ ಪಾರ್ಕ್‌ಗಳಲ್ಲಿ ಜನಜಾತ್ರೆ. ಅದೇ ಹೊತ್ತಿಗೆ ಬೆಂಗಳೂರಿನ ಎಷ್ಟೋ ಬಡಾವಣೆ ಪಾರ್ಕುಗಳು ಬಿಕೋ ಎನ್ನುತ್ತಿರುತ್ತವೆ. ಇದಕ್ಕೆ ಜನರ ಶೋಕಿ ಕಾರಣವಲ್ಲ.

ಅರ್ಧ ಎಕರೆ ಪಾರ್ಕಿನ ಒಳಸುತ್ತು ಸುಮಾರು 160 ಮೀಟರ್. ಅರ್ಧ ಗಂಟೆ ಬಿರುಸಿನ ನಡಿಗೆಯೆಂದರೆ ಎರಡೂವರೆ ಕಿ.ಮೀ., ಅಂದರೆ ಹದಿನೈದಕ್ಕೂ ಹೆಚ್ಚು ಸುತ್ತು. ಗಾಣದೆತ್ತಿನಂತೆ ತಿರುಗಲು ಯಾರಿಗೆ ಇಷ್ಟ? 240 ಎಕರೆಯ ಲಾಲ್‌ಬಾಗಿಗೆ ಮೆಟ್ರೊ ಇಳಿದು ನಡೆದೇ ಹೋಗಬಹುದು.

ಆದರೆ ಹಿರಿಯರಿಗೆ, ಮಕ್ಕಳಿಗೆ ಸಣ್ಣ ಪಾರ್ಕೇ ಗತಿ. ಮನೆಯಿಂದ 300 ಮೀಟರ್ ಒಳಗೆ ಕನಿಷ್ಠ ಅರ್ಧ ಹೆಕ್ಟೇರ್ ಹಸಿರು ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿಯ ಸಲಹೆ. ನಮ್ಮಲ್ಲಿ ನಕ್ಷೆಯ ಮೇಲೆ ದೂರ ಅಳೆಯುತ್ತಾರೆ. ಗೇಟು ಒಂದೇ, ಅದೂ ಆಚೆ ಬದಿಗಿದ್ದರೆ ಬೇಲಿಗೆ ಅಂಟಿದ ಮನೆಯವರೂ ಬಳಸಿಕೊಂಡು ಹೋಗಬೇಕು, ನಡುವೆ ರಸ್ತೆ ದಾಟಬೇಕು.

ಸಂಜೆ ಹೆಂಗಸರು ಪಾರ್ಕಿನಿಂದ ಬೇಗ ಹೊರಡುವುದಕ್ಕೆ ದೀಪವೂ ಒಂದು ಕಾರಣ. ಎತ್ತರದ ಕಂಬದ ಬೆಳಕು ಹೊಂಗೆಯ ಎಲೆಗಳ ಮೇಲೆಯೇ ಬೀಳುತ್ತದೆ, ಹಾದಿಯಲ್ಲಿ ಕತ್ತಲೆ. ದೀಪ ಕೊಂಬೆಗಳ ಕೆಳಗಿರಬೇಕು. ಗುಲ್‌ಮೊಹರ್ ಬುಡದವರೆಗೂ ಟೈಲ್ಸ್ ಹಾಸಿದರೆ ಬೇರು ಅದನ್ನು ಎತ್ತುತ್ತದೆ, ಮೊದಲು ಎಡವುವವರು ವಯಸ್ಸಾದವರೇ. ಬುಡದ ಸುತ್ತ ಮೀಟರಿನಷ್ಟಾದರೂ ಮಣ್ಣು ಬಿಡಬೇಕು. ಬೀಗ ಹಾಕಿದ ಶೌಚಾಲಯದ ಬಗ್ಗೆ ಹೇಳುವುದೇ ಬೇಡ.

ಕಾರಂಜಿಗೆ ದುಡ್ಡು ಸುರಿಯುವ ಮುನ್ನ ಎರಡನೇ ಗೇಟು ಇಡಿಸಿ.

– ಉದ್ಯಾನ ಬಳಕೆದಾರರು, ಬೆಂಗಳೂರು